ಆರು ಗಂಟೆಯ ರೇಸಿನ ಮೊದಲ ಆರು ಸೆಕೆಂಡು

ನಾನು ಜೀವನದಲ್ಲಿ ಯಾವುದನ್ನೂ ನೆಟ್ಟಗೆ ಮುಗಿಸಿದವನಲ್ಲ. ಹತ್ತನೇ ತರಗತಿಯ ಹಿಂದಿ, ಮನೆಯ ಮಹಡಿಯ ಮೇಲಿನ ಕೋಣೆ, ಡಾಕ್ಟರು ಹೇಳಿದ ಬೆಳಗಿನ ವಾಕಿಂಗು, ಎಲ್ಲವೂ ಅರ್ಧಕ್ಕೇ ನಿಂತಿವೆ. ಆದರೆ ಶುರು ಮಾಡಿಸುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಕೊಳ್ಳೇಗಾಲದಲ್ಲಂತೂ ಇಲ್ಲ ಎಂದು ಬಹಳ ದಿನ ನಂಬಿಕೊಂಡಿದ್ದೆ. ಹಾಗೆ ನಂಬುವುದಕ್ಕೆ ಕಾರಣವೂ ಇತ್ತು. ಇಪ್ಪತ್ತೊಂಬತ್ತು ವರ್ಷ ನಾನು ಖಾಸಗಿ ಬಸ್ ಸ್ಟ್ಯಾಂಡಿನಲ್ಲಿ ಟೈಮ್ ಕೀಪರ್ ಆಗಿದ್ದವನು. ಯಾವ ಬಸ್ಸು ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಹೊರಡಬೇಕು ಎಂದು ಗಡಿಯಾರ ನೋಡಿ ಸೀಟಿ ಊದುವುದು ನನ್ನ ಕೆಲಸ. ಕೇಳುವುದಕ್ಕೆ ಸುಲಭ. ಹನೂರಿಗೆ ಹೋಗುವ ಎರಡು ಬಸ್ಸುಗಳ ನಡುವೆ ಇದ್ದ ಅಂತರ ನಾಲ್ಕೇ ನಿಮಿಷ. ಮುಂದಿನ ಬಸ್ಸಿಗೆ ದಾರಿಯುದ್ದಕ್ಕೂ ಜನ ಸಿಗುತ್ತಾರೆ, ಹಿಂದಿನ ಬಸ್ಸಿಗೆ ಕೋಳಿಬುಟ್ಟಿ ಸಿಗುತ್ತದೆ. ಹಾಗಾಗಿ ದಿನಕ್ಕೆ ಒಂದು ಸಲವಾದರೂ ಇಬ್ಬರು ಡ್ರೈವರುಗಳು ತಮ್ಮ ತಮ್ಮ ಮುಂಗೈಯ ಗಡಿಯಾರ ತೋರಿಸುತ್ತ ನನ್ನ ಮೂಗಿನ ಮುಂದೆ ಜಗಳವಾಡುತ್ತಿದ್ದರು. ನಾನು ಇಬ್ಬರ ಗಡಿಯಾರವನ್ನೂ ನೋಡದೆ ಗೋಡೆಯ ಗಡಿಯಾರ ನೋಡುತ್ತಿದ್ದೆ. ಅದು ಆಗಾಗ ನಿಂತಿರುತ್ತಿತ್ತು ಎಂಬ ವಿಷಯ ನನಗೆ ಮಾತ್ರ ಗೊತ್ತಿತ್ತು.

ನಮ್ಮ ಜನಕ್ಕೆ ಮೊದಲು ಹೊರಡುವ ಹುಚ್ಚು ಯಾಕೋ ಬಹಳ. ಮದುವೆ ಮನೆಯಲ್ಲಿ ಎಂಟು ಪಂಕ್ತಿಗಾಗುವಷ್ಟು ಬೇಯಿಸಿದ್ದಾರೆಂದು ಗೊತ್ತಿದ್ದರೂ ಮೊದಲನೇ ಪಂಕ್ತಿಗೇ ನುಗ್ಗುತ್ತೇವೆ. ಉಂಡು ಕೈ ತೊಳೆದ ಮೇಲೆ ಮಾಡಲು ಏನೂ ಕೆಲಸವಿಲ್ಲದೆ ಅದೇ ಛತ್ರದಲ್ಲಿ ಸಂಜೆಯವರೆಗೆ ಆಕಳಿಸುತ್ತ ಕೂರುತ್ತೇವೆ. ಬಸ್ಸು ಇನ್ನೂ ನಿಂತಿರುವುದಿಲ್ಲ, ಕಿಟಕಿಯಿಂದ ಟವೆಲು ಒಳಗೆ ಹೋಗಿರುತ್ತದೆ. ಟವೆಲು ಹಾಕಿದ ಮನುಷ್ಯ ಮಾತ್ರ ಹೊರಗೆ ನಿಂತು ಟೀ ಕುಡಿಯುತ್ತಿರುತ್ತಾನೆ. ಇದನ್ನೆಲ್ಲ ನೋಡಿ ನೋಡಿ ನನಗೆ ಒಂದು ಬಗೆಯ ವೈರಾಗ್ಯವೇ ಬಂದಿತ್ತು. ನಿವೃತ್ತಿಯಾದ ದಿನ ಸೀಟಿಯನ್ನು ಬೀರುವಿನಲ್ಲಿಟ್ಟು, ಇನ್ನು ಯಾರಾದರೂ ಯಾವಾಗಲಾದರೂ ಹೊರಡಲಿ, ನನಗೇನು ಎಂದುಕೊಂಡೆ.

ಆ ವೈರಾಗ್ಯ ಎಂಟು ತಿಂಗಳು ಬಾಳಿತು. ಒಂದು ದಿನ ಗ್ಯಾರೇಜಿನ ಮಾದೇವ ಮನೆಗೆ ಬಂದ. ಗುಜರಿಗೆ ಹೋಗಬೇಕಾದ ಕಾರುಗಳನ್ನು ತಂದು ಜೀವ ಕೊಡುವ ಹುಚ್ಚು ಅವನಿಗೆ. ಇಂಥದೇ ಹುಚ್ಚಿನ ಹದಿನೆಂಟು ತಂಡ ಸೇರಿಸಿ ಎರಡು ವರ್ಷದಿಂದ ಮಧುವನಹಳ್ಳಿಯ ಹತ್ತಿರ ಒಂದು ಬೀಳು ಜಮೀನಿನಲ್ಲಿ ಕಾರು ರೇಸು ನಡೆಸುತ್ತಿದ್ದಾನೆ. ಆರು ಗಂಟೆಗಳ ರೇಸು. ಒಂದು ಕಾರಿಗೆ ಇಬ್ಬರು ಡ್ರೈವರುಗಳು, ಪಾಳಿಯ ಮೇಲೆ ಓಡಿಸುವುದು. ಆರು ಗಂಟೆಯಲ್ಲಿ ಯಾರು ಹೆಚ್ಚು ಸುತ್ತು ಹಾಕುತ್ತಾರೋ ಅವರಿಗೆ ಒಂದು ಕಪ್ಪು. ಸೋತವರಿಗೆ ಟೊಮೆಟೊ ಬಾತು. ಗೆದ್ದವರಿಗೂ ಅದೇ ಟೊಮೆಟೊ ಬಾತು, ಯಾಕೆಂದರೆ ಜಮೀನಿನ ಯಜಮಾನರಾದ ಶಿವಮಲ್ಲಪ್ಪನವರು ತಮ್ಮ ನೆಲದ ಮೇಲೆ ಮಾಂಸ ಬೇಯಿಸಲು ಬಿಡುವುದಿಲ್ಲ.

"ಸಾ, ಓಟ ಏನೋ ಚೆಂದಾಗೇ ನಡೀತದೆ," ಎಂದ ಮಾದೇವ. "ಸುರು ಮಾಡೋದೇ ಆಯ್ತಿಲ್ಲ ಕಣಿ ಸಾ. ಬಾವುಟ ಬೀಸೋಕ್ ಮೊದ್ಲೇ ಎಲ್ಲಾ ನುಗ್ಬುಡ್ತಾವೆ. ಓದ್ ವರ್ಸ ಮೊದಲ್ನೇ ತಿರುವ್ನಲ್ಲೇ ಗುದ್ಕಂಡು ಯಳಂದೂರಿನ್ ಜ್ಯೋತಕ್ಕನ್ ಕತ್ತಿನ್ ಮೂಳೆ ಬಿರುಕ್ ಬುಡ್ತು. ಯಜಮಾನ್ರು ಏಳ್ಬುಟ್ಟವ್ರೆ, ಈ ಸಲ ಸುರುವ್ನಲ್ಲಿ ಒಂದ್ ಕಾರ್ ಇನ್ನೊಂದ್ ಕಾರಿಗೆ ತಗಲುದ್ರೂ ಮಾರ್ನೇ ದಿನ ಜಮೀನಿಗೆ ನೇಗ್ಲು ಬುಡ್ತೀನಿ ಅಂತ. ನೀವೇ ಬಂದ್ ಒಂದ್ ದಾರಿ ಮಾಡ್ಬೇಕು."

ಹೀಗೆ ಒಬ್ಬ ಮನುಷ್ಯ ಬಂದು 'ನೀವೇ' ಅಂದರೆ ಸಾಕು, ನಾನು ಕರಗಿಹೋಗುತ್ತೇನೆ. ಆಗಲಿ ಬಿಡಪ್ಪ, ನೋಡೋಣ ಎಂದು ದೊಡ್ಡಸ್ತಿಕೆಯಿಂದ ಹೇಳಿ ಕಳಿಸಿದೆ. ಅಡುಗೆಮನೆಯಿಂದ ನನ್ನ ಹೆಂಡತಿ ಸುಶೀಲ, "ನಮ್ಮನೆ ಸ್ಕೂಟ್ರನ್ನೇ ದಿನಾ ಎದುರ್ಮನೇವ್ರು ಬಂದ್ ಸ್ಟಾರ್ಟ್ ಮಾಡ್ಕೊಡ್ತಾರೆ. ಇವ್ರು ಓಗಿ ಹದ್ನೆಂಟ್ ಕಾರ್ ಸ್ಟಾರ್ಟ್ ಮಾಡ್ಸ್ತಾರಂತೆ," ಎಂದು ಒಗ್ಗರಣೆಗೆ ಹೇಳಿದಳು. ನಾನು ಕೇಳಿಸಿಕೊಳ್ಳಲಿಲ್ಲ.

ಕೆಲಸವನ್ನು ನಾನು ಕ್ರಮವಾಗಿಯೇ ಹಿಡಿದೆ. ಮೊದಲು ಯಳಂದೂರಿಗೆ ಹೋಗಿ ಜ್ಯೋತಿಯನ್ನು ಕಂಡೆ. ಆಕೆ ನರ್ಸು, ಗಂಡ ಕುಂತೂರಿನ ಸಕ್ಕರೆ ಕಾರ್ಖಾನೆಗೆ ಟ್ರ್ಯಾಕ್ಟರಿನಲ್ಲಿ ಕಬ್ಬು ಹೊಡೆಯುವವನು. ರೇಸಿನಲ್ಲಿ ಮೊದಲ ಪಾಳಿ ಯಾವಾಗಲೂ ಆಕೆಯದೇ. ಗಂಡನಿಗೆ ಬಿಟ್ಟರೆ ಅವನು ಅಭ್ಯಾಸಬಲದಿಂದ ಹಿಂದೆ ಎರಡು ಟ್ರೈಲರು ಇವೆಯೆಂಬಂತೆ ಹೊರಡುತ್ತಾನಂತೆ. "ಈ ಸಲ ಓಡುಸ್ತೀನಿ ಸಾ, ಆದ್ರೆ ಕೊನೇ ಸಾಲಲ್ಲಿ ನಿಂತ್ಕತೀನಿ," ಎಂದಳು. "ಎಲ್ಲಾ ಓದ್ಮೇಲೆ ನಾನು ಓಯ್ತೀನಿ. ಮೂರ್ ತಿಂಗ್ಳು ಕೈ ಎತ್ತಿ ಜಡೆ ಹಾಕ್ಕಳಕ್ ಆಗ್ದೆ ಕೂತಿದ್ದೆ." ನಗುತ್ತಲೇ ಹೇಳಿದಳು. ಆದರೆ ಮಾತಾಡುವಾಗ ಅವಳ ಕೈ ತಾನಾಗಿಯೇ ಕೊರಳ ಹತ್ತಿರ ಹೋಗುತ್ತಿತ್ತು.

ಅಲ್ಲಿಂದ ಹನೂರಿಗೆ ಹೋಗಿ, ಅವಳಿಗೆ ಗುದ್ದಿದ ರಂಗಸ್ವಾಮಿಯನ್ನು ಹಿಡಿದೆ. ಹಾರ್ಡ್‌ವೇರ್ ಅಂಗಡಿಯವನು, ಮೈಕೈ ತುಂಬಿದ ಆಳು, ಮಾತು ಮಾತ್ರ ಮಗುವಿನದು. "ಅಯ್ಯೋ ಸಾಮಿ, ನಾನು ರೇಸ್ ಸುರು ಮಾಡ್ನಿಲ್ಲ ಸಾ. ನಿಂಬೆಣ್ಣು ಒಡುದೆ ಅಷ್ಟೇಯ," ಎಂದ. ಆಗ ಸಂಗತಿ ಬಯಲಾಯಿತು. ನಮ್ಮ ಕಡೆ ಹೊಸ ಗಾಡಿ ತಂದರೂ, ದೂರ ಹೊರಟರೂ, ಪೂಜೆ ಮಾಡಿ ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು ಇಟ್ಟು ಅದನ್ನು ಒಡೆದುಕೊಂಡೇ ಹೊರಡಬೇಕು. ರೇಸಿಗೆ ನಿಂತ ಹದಿನೆಂಟು ಕಾರುಗಳ ಕೆಳಗೂ ನಿಂಬೆಹಣ್ಣುಗಳಿದ್ದವು. ರಂಗಸ್ವಾಮಿ ಶ್ರದ್ಧಾವಂತ. ಬಾವುಟಕ್ಕೆ ಮುಂಚೆಯೇ ಅದನ್ನು ಒಡೆದು ಮುಗಿಸಿಬಿಡೋಣ ಎಂದು ಒಂದು ಅಡಿ ಮುಂದೆ ಬಂದಿದ್ದಾನೆ. ಪಕ್ಕದವನು ರೇಸು ಶುರುವಾಯಿತೆಂದು ಎರಡು ಅಡಿ ಬಂದಿದ್ದಾನೆ. ಅವನ ಹಿಂದಿನವನು ನೇರವಾಗಿ ಮೂರನೇ ಗೇರಿಗೆ ಹೋಗಿದ್ದಾನೆ. ಎಲ್ಲರೂ ಹೊರಟದ್ದು ಕಂಡು ರಂಗಸ್ವಾಮಿಯೂ ಗಾಬರಿಯಿಂದ ಆಕ್ಸಿಲರೇಟರು ಒತ್ತಿದ, ತಿರುವಿನಲ್ಲಿ ಮುಂದಿದ್ದವಳು ಜ್ಯೋತಿ. ಆರು ಗಂಟೆ ಓಡಬೇಕಾದ ರೇಸು ಆರು ಸೆಕೆಂಡಿನಲ್ಲಿ ಹಾಳಾದದ್ದು ಹೀಗೆ.

ನಿಂಬೆಹಣ್ಣು ಬೇಡ ಅಂದುಬಿಟ್ಟರೆ ಆಯಿತಲ್ಲ ಎಂದು ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿತು. ನಾನು ಇಂಥದ್ದನ್ನೆಲ್ಲ ನಂಬುವವನಲ್ಲ. ರಾಹುಕಾಲದಲ್ಲೇ ಎಷ್ಟೋ ಬಸ್ಸು ಬಿಟ್ಟಿದ್ದೇನೆ. ಮಾದೇವನಿಗೆ ಹೇಳಿದರೆ ಅವನ ಮುಖ ಬಿಳಿಚಿಕೊಂಡಿತು. "ಆಮೇಲ್ ಯಾರಿಗ್ ಏನಾದ್ರೂ ನಿಮ್ ತಲೆ ಮೇಲ್ ಬತ್ತದೆ ಸಾ," ಎಂದ. ಅದೂ ನಿಜವೇ. ಒಬ್ಬನ ಟೈರು ಪಂಕ್ಚರಾದರೂ ಅದು ನಿಂಬೆಹಣ್ಣು ನಿಲ್ಲಿಸಿದ ನನ್ನ ಪಾಪವೇ ಆಗುತ್ತಿತ್ತು.

ಆದ್ದರಿಂದ ಅಧ್ಯಯನಕ್ಕೆ ಕೂತೆ. ಫೋನಿನಲ್ಲಿ ಹುಡುಕಿದರೆ ಬೇರೆ ದೇಶಗಳವರು ಈ ಶುರುವಿನ ತಾಪತ್ರಯದಲ್ಲಿ ನಮಗಿಂತ ಎಷ್ಟೋ ಮೊದಲೇ ಸಿಕ್ಕಿಹಾಕಿಕೊಂಡಿದ್ದರು. ಹಿಂದೆ ಕೆಲವು ಕಡೆ ಡ್ರೈವರುಗಳನ್ನು ರಸ್ತೆಯ ಆಚೆ ನಿಲ್ಲಿಸಿ, ಬಾವುಟ ಬಿದ್ದ ತಕ್ಷಣ ಓಡಿಬಂದು ಕಾರು ಹತ್ತಿ ಹೊರಡಲು ಬಿಡುತ್ತಿದ್ದರಂತೆ. ಅವಸರಕ್ಕೆ ಬಿದ್ದವರು ಸೀಟ್ ಬೆಲ್ಟು ಕಟ್ಟದೆ ಹೋಗುತ್ತಿದ್ದರೆಂದು ಆ ಪದ್ಧತಿ ನಿಂತಿತಂತೆ. ಮಾದೇವನಿಗೆ ಇದನ್ನು ಓದಿ ಹೇಳಿದೆ. "ನಮ್ ಬಸ್ ಸ್ಟ್ಯಾಂಡೇ ಆಯ್ತಲ್ಲ ಸಾ ಅದು," ಎಂದ. ಕೊನೆಗೆ ಸಿಕ್ಕಿದ್ದು ನಿಧಾನವಾಗಿ ಉರುಳುತ್ತ ಶುರುಮಾಡುವ ವಿಧಾನ. ಮುಂದೆ ಒಂದು ದಾರಿ ತೋರಿಸುವ ಕಾರು. ಅದರ ಹಿಂದೆ ಇಬ್ಬಿಬ್ಬರಂತೆ ಸಾಲಾಗಿ ಎಲ್ಲರೂ ಒಂದು ಸುತ್ತು ಮೆಲ್ಲಗೆ ಬರಬೇಕು. ಸುತ್ತು ಮುಗಿಯುವಾಗ ಮುಂದಿನ ಕಾರು ಪಕ್ಕಕ್ಕೆ ಸರಿಯುತ್ತದೆ. ಸಾಲು ನೆಟ್ಟಗಿದ್ದರೆ ಹಸಿರು ಬಾವುಟ, ಅಲ್ಲಿಂದ ರೇಸು. ಇದರಲ್ಲಿ ನಿಂಬೆಹಣ್ಣಿಗೂ ಜಾಗವಿತ್ತು. ಮೆಲ್ಲಗೆ ಹೊರಡುವಾಗ ಎಲ್ಲರೂ ಒಡೆದುಕೊಂಡು ಬರಲಿ, ಯಾರಿಗೂ ಲಾಭವಿಲ್ಲ, ಯಾರಿಗೂ ನಷ್ಟವಿಲ್ಲ. ಈ ಉಪಾಯ ಹೊಳೆದ ದಿನ ನನಗೆ ನನ್ನ ಮೇಲೆಯೇ ಎಷ್ಟು ಗೌರವ ಬಂತೆಂದರೆ ಮಧ್ಯಾಹ್ನದ ನಿದ್ದೆ ಬರಲಿಲ್ಲ.

ಹನ್ನೊಂದು ನಿಯಮಗಳನ್ನು ದುಂಡಗೆ ಬರೆದು, ಜೆರಾಕ್ಸ್ ಮಾಡಿಸಿ ಎಲ್ಲ ತಂಡಗಳಿಗೂ ಹಂಚಿದೆ. ನಾಲ್ಕನೆಯದು ನನಗೆ ಅಚ್ಚುಮೆಚ್ಚು: 'ಹಸಿರು ಬಾವುಟಕ್ಕೆ ಮುಂಚೆ ಯಾವುದೇ ವಾಹನ ಇನ್ನೊಂದು ವಾಹನಕ್ಕೆ ತಾಗಿದಲ್ಲಿ, ಕಾರಣ ಏನೇ ಇರಲಿ, ತಾಗಿಸಿದವರು ಕೊನೆಯ ಸಾಲಿಗೆ ಹೋಗತಕ್ಕದ್ದು.' 'ಕಾರಣ ಏನೇ ಇರಲಿ' ಎಂಬುದರ ಕೆಳಗೆ ಕೆಂಪು ಗೆರೆ ಎಳೆದಿದ್ದೆ. ಎರಡು ತಿಂಗಳು ಪ್ರತಿ ಭಾನುವಾರ ಗ್ಯಾರೇಜಿನಲ್ಲಿ ಸಭೆ. ಹದಿನೆಂಟು ಬೆಂಕಿಪೊಟ್ಟಣಗಳನ್ನು ಮೇಜಿನ ಮೇಲೆ ಸಾಲಾಗಿ ತಳ್ಳಿ ತೋರಿಸುತ್ತಿದ್ದೆ. ಎರಡು ಕಾರಿನಷ್ಟು ಅಂತರ ಬಿಡಿ, ಮುಂದಿನವರ ಬೆನ್ನಿಗೆ ಬೀಳಬೇಡಿ ಎಂದು ಗಂಟಲು ಹರಿದುಕೊಂಡೆ. ಎಲ್ಲರೂ ತಲೆಯಾಡಿಸುತ್ತಿದ್ದರು. ಅಭ್ಯಾಸಕ್ಕೆ ಹೋದರೆ ಒಬ್ಬರ ಬಂಪರಿಗೆ ಇನ್ನೊಬ್ಬರ ಬಂಪರು ಅಂಟಿಕೊಂಡೇ ಬರುತ್ತಿದ್ದರು. ಅಂತರ ಬಿಟ್ಟರೆ ಅದರೊಳಗೆ ಬೇರೆ ಯಾರೋ ತೂರಿಕೊಳ್ಳುತ್ತಾರೆಂಬ ಭಯ. ಬಸ್ ಸ್ಟ್ಯಾಂಡಿನ ಕ್ಯೂನಲ್ಲಿ ಇವರನ್ನು ಮೂರು ದಶಕ ನೋಡಿದ್ದ ನನಗೆ ಆಶ್ಚರ್ಯವೇನೂ ಆಗಲಿಲ್ಲ, ಸಿಟ್ಟು ಬಂತು.

ಯಾರು ಯಾವ ಸಾಲು ಎಂಬುದಕ್ಕೆ ಚೀಟಿ ಎತ್ತಿಸಿದೆವು. ಶಿವಮಲ್ಲಪ್ಪನವರೇ ಎತ್ತಿದರು. ಜ್ಯೋತಿಗೆ ಮೊದಲನೇ ಸಾಲು ಬಂತು. ಅವಳ ಬೆನ್ನ ಹಿಂದೆ ಎರಡನೇ ಸಾಲಿನಲ್ಲಿ ಬಂದವನು, ಚೀಟಿಗೆ ಕಣ್ಣಿಲ್ಲ ನೋಡಿ, ರಂಗಸ್ವಾಮಿ. "ಬ್ಯಾಡಿ ಸಾ, ನನ್ನ ಇಂದಕ್ ಆಕ್ಬುಡಿ," ಎಂದು ಪಕ್ಕಕ್ಕೆ ಕರೆದು ಕೇಳಿದಳು. ಹಾಕಬಹುದಿತ್ತು. ಆದರೆ ಹೆದರಿದವರನ್ನು ಹಿಂದಕ್ಕೆ ಹಾಕಿ, ಹೆದರಿಸಿದವರನ್ನು ಮುಂದೆ ಬಿಡುವುದಾದರೆ ಚೀಟಿ ಎತ್ತಿದ್ದು ಯಾಕೆ? "ನಿನ್ನ ಮುಂದೆ ದಾರಿ ತೋರಿಸುವ ಕಾರಿನಲ್ಲಿ ನಾನೇ ಇರುತ್ತೇನಮ್ಮ," ಎಂದೆ. "ನಾನಿರುವವರೆಗೆ ನಿನಗೆ ಯಾರೂ ತಾಗುವುದಿಲ್ಲ." ಇಷ್ಟು ದೊಡ್ಡ ಮಾತನ್ನು ನಾನು ಮದುವೆಯಲ್ಲೂ ಆಡಿರಲಿಲ್ಲ. ಅವಳು, "ಆಯ್ತು ಬುಡಿ ಸಾ. ನಿಮ್ಮನ್ ನಂಬ್ಕಂಡು ನಿಂತ್ಕತೀನಿ," ಎಂದಳು.

ರೇಸಿನ ದಿನ ಬೆಳಿಗ್ಗೆ ಧೂಳು ಏಳದಿರಲೆಂದು ಟ್ಯಾಂಕರಿನಲ್ಲಿ ನೀರು ಹೊಡೆಸಿದೆವು. ತಿರುವುಗಳಲ್ಲಿ ಹಳೆಯ ಟ್ರ್ಯಾಕ್ಟರ್ ಟೈರುಗಳನ್ನು ಪೇರಿಸಿದ್ದರು. ಹದಿನೆಂಟು ಕಾರುಗಳು ಇಬ್ಬಿಬ್ಬರಂತೆ ನಿಂತವು. ಗಾಜು ಕಿತ್ತು, ಒಳಗೆ ಕಬ್ಬಿಣದ ಪೈಪು ಬೆಸೆದ ಕಾರುಗಳು. ಹೆಲ್ಮೆಟ್ಟು, ಬೆಲ್ಟು ಎಲ್ಲವನ್ನೂ ನಾನೇ ಎಳೆದು ನೋಡಿದೆ. ಚಕ್ರಗಳ ಕೆಳಗೆ ಎಪ್ಪತ್ತೆರಡು ನಿಂಬೆಹಣ್ಣು. ಎಲ್ಲರ ಮುಂದೆ ನನ್ನ ಹಳೆಯ ಬಿಳಿ ಕಾರು. ಮಗಳ ಮದುವೆಯ ವರ್ಷ ಕೊಂಡದ್ದು, ತರಕಾರಿ ತರುವುದಕ್ಕಿಂತ ದೊಡ್ಡ ಜವಾಬ್ದಾರಿಯನ್ನು ಈವರೆಗೆ ಕಂಡಿರಲಿಲ್ಲ. ಶಿವಮಲ್ಲಪ್ಪನವರು ಶಾಮಿಯಾನದ ಕೆಳಗೆ ಕುರ್ಚಿ ಹಾಕಿಸಿಕೊಂಡು, ಊರುಗೋಲಿನ ಮೇಲೆ ಎರಡು ಕೈಯಿಟ್ಟು ಕೂತಿದ್ದರು. ನಾನು ಕಾರು ಹತ್ತಿದಾಗ ಸುಶೀಲ ಓಡಿಬಂದಳು. ನಾನು ಬೇಡಬೇಡವೆನ್ನುತ್ತಿದ್ದರೂ ಕೇಳದೆ, ಸೆರಗಿನಿಂದ ನಾಲ್ಕು ನಿಂಬೆಹಣ್ಣು ತೆಗೆದು ನನ್ನ ಚಕ್ರಗಳ ಕೆಳಗೂ ಇಟ್ಟಳು.

ಮಾದೇವ ಕೈ ಎತ್ತಿದ. ಕನ್ನಡಿಯಲ್ಲಿ ಜ್ಯೋತಿಯ ಹೆಲ್ಮೆಟ್ಟು ಕಂಡಿತು. ಮೊದಲನೇ ಗೇರು ಹಾಕಿ ಹತ್ತಡಿ ಮುಂದೆ ಹೋದೆ. ಹಿಂದಿನಿಂದ ಪಟಪಟನೆ ನಿಂಬೆಹಣ್ಣುಗಳು ಒಡೆಯುವ ಸದ್ದು. ಹದಿನೆಂಟು ಕಾರುಗಳೂ ದಾರದಲ್ಲಿ ಪೋಣಿಸಿದ ಹಾಗೆ ಮೆಲ್ಲಗೆ ಹೊರಟವು. ಎದೆ ತುಂಬಿಬಂತು. ಅಷ್ಟರಲ್ಲಿ ಶಾಮಿಯಾನದ ಕಡೆಯಿಂದ ಸುಶೀಲ ಕೂಗಿದಳು: "ರೀ! ನಿಮ್ದು ಒಡೀನಿಲ್ಲ ಕಣ್ರೀ!"

ತಿರುಗಿ ನೋಡಿದೆ. ನೀರು ಹೊಡೆದ ನೆಲ ಮೆತ್ತಗಾಗಿತ್ತಲ್ಲ, ಮುಂದಿನ ಎಡಚಕ್ರದ ನಿಂಬೆಹಣ್ಣು ಒಡೆಯದೆ ಪಿಚಕ್ಕನೆ ಜಾರಿ ಹಿಂದೆ ಹೋಗಿ ಹಳದಿಯಾಗಿ ಗುಂಡಗೆ ಕೂತಿತ್ತು. ತಪ್ಪನ್ನು ಹೆಂಡತಿಯ ಮೇಲೆ ಹಾಕುವುದು ಸುಲಭ, ಆದರೆ ಸುಳ್ಳು ಹೇಳಬಾರದು. ನನಗೇ ಎದೆ ಧಸಕ್ಕೆಂದಿತು. ಹದಿನೆಂಟು ಕಾರಿನ ಕ್ಷೇಮ ಹೊತ್ತ ಕಾರು ನನ್ನದು, ಇದೊಂದೇ ಒಡೆಯದೆ ಹೋಗುವುದೇ? ಬ್ರೇಕ್ ಒತ್ತಿದೆ. ನಿಯಮದ ಪ್ರಕಾರ ಹಿಂದಿನ ಹದಿನೆಂಟೂ ನಿಂತವು, ಒಬ್ಬರಿಗೊಬ್ಬರು ತಾಗಲಿಲ್ಲ. ರಂಗಸ್ವಾಮಿ ಕೂಡ ಜ್ಯೋತಿಯ ಹಿಂದೆ ಶಿಸ್ತಾಗಿ ನಿಂತ. ಅವರೆಲ್ಲರೂ ಕಣ್ಣು ಬಿಟ್ಟುಕೊಂಡು ನೋಡುತ್ತಿರುವಂತೆ ನಾನು ರಿವರ್ಸ್ ಗೇರು ಹಾಕಿ, ಕಣ್ಣನ್ನು ನಿಂಬೆಹಣ್ಣಿನ ಮೇಲಿಟ್ಟು, ನೆಟ್ಟಗೆ ಹಿಂದೆ ಬಂದು ಜ್ಯೋತಿಯ ಕಾರಿಗೆ ಗುದ್ದಿದೆ.

ಸದ್ದು ದೊಡ್ಡದೇನಲ್ಲ. ಅವಳ ಕಾರಿನ ಮುಂದೆ ಕಬ್ಬಿಣದ ಪೈಪು ಇತ್ತು, ಒಡೆದದ್ದು ನನ್ನ ಹಿಂದಿನ ದೀಪ. ಓಡಿಹೋಗಿ ಅವಳ ಕಿಟಕಿಗೆ ಬಗ್ಗಿದೆ. ಅವಳು ಹೆಲ್ಮೆಟ್ಟಿನೊಳಗಿಂದ, "ಏನೂ ಆಗ್ನಿಲ್ಲ ಸಾ," ಎಂದಳು. ಆಮೇಲೆ, "ನಾನು ಇಂದ್ಗಡೆಯೋರ್ಗೇ ಎದ್ರಕಂಡಿದ್ದೆ. ಮುಂದಿರೋರು ಬಂದ್ ಗುದ್ತಾರೆ ಅಂತ ಯಾರ್ ಕಂಡಿದ್ರು?" ಎಂದಳು. ಅವಳಿಗೆ ನಗು ಬಂದಿತ್ತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತ್ತು.

ಶಿವಮಲ್ಲಪ್ಪನವರು ಊರುಗೋಲು ಊರಿಕೊಂಡು ಬರುತ್ತಿದ್ದರು. ಮಾದೇವ ಬಾವುಟವನ್ನು ಎದೆಗೆ ಅವಚಿಕೊಂಡು ಕಲ್ಲಿನಂತೆ ನಿಂತಿದ್ದ. ಎರಡು ವರ್ಷದ ಅವನ ಕನಸಿಗೆ ನೇಗಿಲು ಹೂಡುವುದಕ್ಕೆ ನನ್ನ ಒಂದು ರಿವರ್ಸ್ ಗೇರು ಸಾಕಾಗಿತ್ತು. ಯಜಮಾನರು ನನ್ನ ಒಡೆದ ದೀಪ ನೋಡಿದರು, ಜ್ಯೋತಿಯ ಕಾರು ನೋಡಿದರು, ಆಮೇಲೆ ಜೇಬಿನಿಂದ ನನ್ನದೇ ಜೆರಾಕ್ಸ್ ಹಾಳೆ ತೆಗೆದು ದೂರ ಹಿಡಿದು ಓದಿದರು. ಅದನ್ನು ಪೂರ್ತಿ ಓದಿದ್ದ ಮನುಷ್ಯ ಅವರೊಬ್ಬರೇ ಇರಬೇಕು. "ಕಾರಣ ಏನೇ ಇರಲಿ ಅಂತ ಬರ್ದಿದ್ದೀರಿ. ಕೆಂಪ್ ಗೀಟು ಬ್ಯಾರೆ ಎಳ್ದಿದ್ದೀರಿ. ಬರ್ದೋರ್ಗೂ ಇದೇ ರೂಲೋ, ಇಲ್ಲ ಅವ್ರಿಗ್ ಬ್ಯಾರೆ ಅದೋ?" ಎಂದು ಕೇಳಿದರು.

ಅಲ್ಲಿ ಒಂದು ಕ್ಷಣ ನನ್ನ ನಾಲಿಗೆಯ ತುದಿಗೆ ಬಂದ ಸಬೂಬುಗಳನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ನನ್ನದು ರೇಸಿನ ಕಾರಲ್ಲ, ನಿಯಮ ಸ್ಪರ್ಧಿಗಳಿಗೆ, ನೆಲ ಒದ್ದೆ. ಹದಿನೆಂಟು ಹೆಲ್ಮೆಟ್ಟುಗಳು ನನ್ನ ಕಡೆಗೇ ತಿರುಗಿದ್ದವು. "ಇದೇ ರೂಲು ಯಜಮಾನ್ರೇ," ಎಂದು ಹೇಳಿ ಕಾರು ಹತ್ತಿದೆ. ಎಲ್ಲರ ಪಕ್ಕದಲ್ಲೇ ಹಾದು ಕೊನೆಯ ಸಾಲಿನ ಹಿಂದೆ ಹೋಗಿ ನಿಂತೆ.

ಯಜಮಾನರು ಮಾದೇವನ ಕಡೆ ತಿರುಗಿ, "ಬರ್ದೋರೇ ರೂಲಿಗ್ ಬಗ್ಗುದ್ರಲ್ಲ, ನೇಗ್ಲು ಮನೇಲೇ ಇರ್ಲಿ. ಇನ್ನೇನ್ಲಾ ನೋಡ್ತಾ ನಿಂತಿದ್ದೀಯೆ, ಸುರು ಮಾಡು," ಎಂದರಂತೆ. ಮುಂದೆ ದಾರಿ ತೋರಿಸುವ ಕಾರು ಇರಲಿಲ್ಲವಾದ್ದರಿಂದ ಮೊದಲನೇ ಸಾಲಿನ ಜ್ಯೋತಿಗೇ ಆ ಕೆಲಸ ಬಂತು. ಅವಳು ಹೊರಟಳು, ಯಾವ ಅವಸರವೂ ಇಲ್ಲದೆ. ಅವಳ ಹಿಂದೆ ಎರಡು ಕಾರಿನಷ್ಟು ಅಂತರ ಬಿಟ್ಟು ರಂಗಸ್ವಾಮಿ. ಅವನ ಹಿಂದೆ ಮತ್ತೆ ಅಷ್ಟೇ ಅಂತರ. ಕೊನೆಯಿಂದ ನೋಡುತ್ತಿದ್ದ ನನಗೆ ನಂಬಲಾಗಲಿಲ್ಲ. ಎರಡು ತಿಂಗಳು ಬೆಂಕಿಪೊಟ್ಟಣ ತಳ್ಳಿದರೂ ಬರದ ಅಂತರ ಈಗ ತಾನಾಗಿ ಬಂದಿತ್ತು. ಮುಂದಿರುವವನು ಯಾವ ಗಳಿಗೆಯಲ್ಲಿ ಹಿಂದೆ ಬಂದು ಗುದ್ದುತ್ತಾನೋ ಎಂದು ಒಬ್ಬೊಬ್ಬರೂ ಹೆದರಿ ಜಾಗ ಬಿಟ್ಟಿದ್ದರು. ಸುತ್ತು ಮುಗಿಯಿತು, ಹಸಿರು ಬಾವುಟ ಬಿತ್ತು, ಮೊದಲನೇ ತಿರುವನ್ನು ಹದಿನೆಂಟು ಕಾರುಗಳೂ ಒಂದಕ್ಕೊಂದು ತಾಗದೆ ದಾಟಿದವು. ನಾನು ಪಕ್ಕಕ್ಕೆ ಸರಿದು ಕಾರು ನಿಲ್ಲಿಸಿದೆ.

ರೇಸು ಚೆನ್ನಾಗಿ ನಡೆಯಿತು. ರಂಗಸ್ವಾಮಿಯ ಗೇರ್ ಬಾಕ್ಸು ಮೂರನೇ ಗಂಟೆಗೆ ಕೈಕೊಟ್ಟಿತು. ಜ್ಯೋತಿ ಮತ್ತು ಅವಳ ಗಂಡ ಐದನೆಯವರಾದರು, ಅವನು ಟ್ರೈಲರುಗಳನ್ನು ಮರೆತಿದ್ದರೆ ಮೂರನೆಯವರೇ ಆಗುತ್ತಿದ್ದರು ಎಂದು ಅವಳ ದೂರು. ಬಾತು ತಿನ್ನುವಾಗ ಶಿವಮಲ್ಲಪ್ಪನವರು ಮುಂದಿನ ವರ್ಷಕ್ಕೂ ಜಮೀನು ಕೊಡುವುದಾಗಿ ಹೇಳಿದರು. ಮಾದೇವನ ಕಣ್ಣಲ್ಲಿ ನೀರು ಬಂತು. ಅವನು ಎಲೆ ಹಿಡಿದುಕೊಂಡೇ ನನ್ನ ಪಕ್ಕ ಬಂದು ಕೂತು, ಬಹಳ ವಿನಯದಿಂದ, "ಸಾ, ಮುಂದಿನ್ ವರ್ಸನೂ ಸುರುವಿಗ್ ಮುಂಚೆ ನೀವೊಂದ್ಸಲ ಇಂದಕ್ ಬಂದ್ ಗುದ್ದ್ಬುಡಿ ಸಾ. ಅದೇ ಸರಿ," ಎಂದ.

ಎರಡು ದಿನ ಅವನ ಜೊತೆ ಮಾತು ಬಿಟ್ಟೆ. ಮೂರನೇ ದಿನ ಯೋಚಿಸಿದಾಗ ಅವನು ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ. ಈಗ ಹೊಸ ನಿಯಮ ಪುಸ್ತಕ ಬರೆಯುತ್ತಿದ್ದೇನೆ. ಹನ್ನೆರಡನೆಯ ನಿಯಮವೊಂದನ್ನು ಸೇರಿಸಬೇಕೆಂದು ಹದಿನೆಂಟು ತಂಡಗಳೂ ಸಹಿ ಹಾಕಿ ಕಳಿಸಿವೆ: 'ದಾರಿ ತೋರಿಸುವ ಕಾರು ಹಿಂದಕ್ಕೂ ಬರಬಹುದಾದ್ದರಿಂದ ಎಲ್ಲರೂ ಅಂತರ ಕಾಯ್ದುಕೊಳ್ಳತಕ್ಕದ್ದು.' ನನ್ನ ಹನ್ನೊಂದು ನಿಯಮಗಳಲ್ಲಿ ಒಂದೂ ನೆನಪಿಲ್ಲದವರು ಇದನ್ನು ಮಾತ್ರ ಬಾಯಿಪಾಠ ಮಾಡಿಕೊಂಡಿದ್ದಾರಂತೆ. ಕರಡು ಪ್ರತಿಯನ್ನು ಸುಶೀಲ ನಿನ್ನೆ ಓದಿದಳು. ಹನ್ನೊಂದನ್ನು ಹಾಗೇ ದಾಟಿಸಿ, ಹನ್ನೆರಡನೆಯದಕ್ಕೆ ಬಂದು ನಿಂತು, "ಇದೊಂದ್ ಸರ್ಯಾಗ್ ಬರ್ದಿದ್ದೀರಿ ನೋಡಿ. ಅನ್ಬೋಗ್ಸಿ ಬರ್ದಂಗದೆ," ಎಂದಳು.